ಋತುಗಳ ಹಾಡು, ಅಕ್ಷರದ ಆಟ

(ಶಾಲೆಯ ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯಾಧ್ಯಾಪಿಕೆಯವರು ಮಾಡಿದ ಭಾಷಣದ ಬರಹರೂಪ)



ನೂರು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ನಿಂತು ಮಾತನಾಡುವ ಭಾಗ್ಯ ನಮ್ಮ ಪಾಲಿಗೆ ಬಂದಿದೆ. ಇಂಥ ಸಂದರ್ಭದಲ್ಲಿ ಶಾಲೆಯ ಇತಿಹಾಸ, ಕಟ್ಟಡದ ಕಥೆ, ದಾನಿಗಳ ಸ್ಮರಣೆ ಇವು ಸಹಜವಾದ ವಿಷಯಗಳು. ಅವುಗಳನ್ನು ನಮಗಿಂತ ಬಲ್ಲ ಹಿರಿಯರು ಈಗಾಗಲೇ ಹೇಳಿದ್ದಾರೆ. ನಾವು ಹೇಳಹೊರಟಿರುವುದು ಒಂದು ಚಿಕ್ಕ ಆಟದ ಸಂಗತಿ. ಋತುಗಳ ಹಾಡನ್ನು ಹಿಡಿದು ನಮ್ಮ ಮಕ್ಕಳು ಆಡುವ ಅಂತ್ಯಾಕ್ಷರಿಯ ಆಟ ಅದು. ಶತಮಾನೋತ್ಸವದ ಗಂಭೀರ ವೇದಿಕೆಗೆ ಆಟದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆ ಆಟದಲ್ಲಿ ನಾವು ನಮ್ಮದೇ ಒಂದು ತಪ್ಪನ್ನು ಕಂಡುಕೊಂಡೆವು. ಆ ತಪ್ಪನ್ನು ಈ ಊರಿನ ಮುಂದೆ ಒಪ್ಪಿಕೊಳ್ಳಲು ಇದಕ್ಕಿಂತ ಯೋಗ್ಯವಾದ ದಿನ ನಮಗೆ ದೊರೆಯಲಾರದು.

ಕೆಲವು ವರ್ಷಗಳ ಹಿಂದಿನ ಮಾತು. ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೊದಲ ವಾರ. ಮಿರಗದ ಮಳೆ ಸುರಿಯುತ್ತಿತ್ತು. ವಿದ್ಯುತ್ ಹೋಗಿ ಕೊಠಡಿಗಳಲ್ಲಿ ಕತ್ತಲು ಕವಿದಿತ್ತು. ಪುಸ್ತಕಗಳು ಇನ್ನೂ ಎಲ್ಲ ಮಕ್ಕಳ ಕೈಗೆ ಬಂದಿರಲಿಲ್ಲ. ಎರಡು ವರ್ಗಗಳ ಮಕ್ಕಳನ್ನು ಒಂದೇ ಕಡೆ ಕೂಡಿಸಿ, ಅಂತ್ಯಾಕ್ಷರಿ ಆಡಿರೆಂದು ಹೇಳಿ ನಾವು ಒಂದು ಮೂಲೆಯಲ್ಲಿ ಕುಳಿತೆವು. ನಮ್ಮ ಮಕ್ಕಳು ಈ ಆಟಕ್ಕೆ ಅಂತ್ಯಾಕ್ಷರಿ ಎಂದೂ ಅನ್ನುತ್ತಾರೆ, ನೆರೆಮನೆಯ ಮರಾಠಿ ಮಕ್ಕಳಂತೆ ಭೇಂಡ್ಯಾ ಎಂದೂ ಅನ್ನುತ್ತಾರೆ. ಆಟ ಹುರುಪಿನಿಂದ ನಡೆಯಿತು. ಹಿಂದಿ ಚಿತ್ರಗೀತೆಗಳು ಒಂದರ ಹಿಂದೆ ಒಂದು ಬಂದವು. ಮರಾಠಿ ಹಾಡುಗಳು ಬಂದವು. ಕನ್ನಡ ಹಾಡುಗಳು ಬಂದಾಗ ಮಾತ್ರ ಎರಡು ಮೂರು ಸುತ್ತಿಗೆ ಆಟ ನಿಂತುಬಿಡುತ್ತಿತ್ತು. ಪಠ್ಯಪುಸ್ತಕದ ಪದ್ಯಗಳು ಮುಗಿದ ಮೇಲೆ ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದರು.

ಆಗ ಆರನೆಯ ವರ್ಗದ ಒಬ್ಬ ಹುಡುಗಿ ಮಳೆಯ ಮೇಲಿನ ಒಂದು ಪದವನ್ನು ಹಾಡತೊಡಗಿದಳು. ಅದು ಪುಸ್ತಕದ್ದಲ್ಲ, ಸಿನಿಮಾದ್ದೂ ಅಲ್ಲ. ಅವಳ ಆಯಿ ಬೀಸುವಾಗ ಹಾಡುತ್ತಿದ್ದುದು. ಅರ್ಧ ಸಾಲು ಹಾಡಿದವಳು ತಟ್ಟನೆ ನಿಲ್ಲಿಸಿ ನಮ್ಮ ಕಡೆ ನೋಡಿ ಕೇಳಿದಳು: "ಬಾಯೋರ, ಇದು ಮನ್ಯಾಗಿನ ಕನ್ನಡ ಐತ್ರಿ. ಸಾಲ್ಯಾಗ ನಡೀತದೇನ್ರಿ?"

ಆ ಪ್ರಶ್ನೆಗೆ ನಮ್ಮಲ್ಲಿ ಕೂಡಲೇ ಉತ್ತರವಿರಲಿಲ್ಲ. ನಾವು ಕನ್ನಡದಲ್ಲಿ ಎಂ.ಎ. ಮಾಡಿದವರು, ಬಿ.ಎಡ್. ಮುಗಿಸಿ ಬಂದವರು. ವರ್ಷಾನುವರ್ಷ ಮಕ್ಕಳ ವಹಿಗಳಲ್ಲಿ 'ಮಳಿ' ಎಂದು ಬರೆದಲ್ಲಿ ಕೆಂಪು ಶಾಯಿಯಿಂದ 'ಮಳೆ' ಎಂದು ತಿದ್ದಿದವರು. 'ಬೆಳಿ' ಬೆಳೆಯಾಯಿತು, 'ಮನಿ' ಮನೆಯಾಯಿತು. ಬರಹದ ಕನ್ನಡವನ್ನು ಕಲಿಸುವುದು ನಮ್ಮ ಕರ್ತವ್ಯವೇ ಆಗಿತ್ತು, ಇಂದಿಗೂ ಆಗಿದೆ. ಆದರೆ ತಿದ್ದುವಾಗ ಇದು ಬರೆಯುವ ರೂಪ, ಅದು ನುಡಿಯುವ ರೂಪ, ಎರಡೂ ಕನ್ನಡವೇ ಎಂಬ ಒಂದು ಮಾತನ್ನು ನಾವು ಹೇಳಲಿಲ್ಲ. ಮಕ್ಕಳು ತಮ್ಮ ಮನೆಯ ಮಾತೇ ತಪ್ಪೆಂದು ತಿಳಿದರು. ಮನೆಯ ಮಾತು ತಪ್ಪಾದರೆ ಮನೆಯ ಹಾಡೂ ತಪ್ಪೇ. ಮರಾಠಿ ಸೀಮೆಯಲ್ಲಿ ಕನ್ನಡ ಉಳಿಸುತ್ತಿದ್ದೇವೆಂದು ಹೆಮ್ಮೆಪಡುತ್ತಿದ್ದ ನಾವೇ ಆ ಹುಡುಗಿಯ ಬಾಯಲ್ಲಿದ್ದ ಕನ್ನಡವನ್ನು ಅರ್ಧ ಸಾಲಿಗೆ ನಿಲ್ಲಿಸಿದ್ದೆವು.

ಅಂದು ನಾವು "ನಡೀತದವ್ವ, ಹಾಡು" ಎಂದೆವು. ಅವಳು ನಾಚಿ ಕುಳಿತುಬಿಟ್ಟಳು.

ಅದೇ ವರ್ಷ ಎಳ್ಳಮಾವಾಸ್ಯೆಗೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಊರಿಗೆ ಬಂದಿದ್ದರು. ಅವರು ಜಪಾನಿನಲ್ಲಿ ಇಂಜಿನಿಯರ್ ಆಗಿದ್ದಾರೆ. ಚರಗ ಚೆಲ್ಲಿ, ಹೊಲದಲ್ಲಿ ಭಜ್ಜಿ ರೊಟ್ಟಿ ಉಂಡು, ಸಂಜೆ ಶಾಲೆಗೆ ಬಂದು ನಮ್ಮೊಡನೆ ಬಹಳ ಹೊತ್ತು ಮಾತನಾಡಿದರು. ಆ ಮಾತಿನಲ್ಲಿ ಜಪಾನೀ ಮಕ್ಕಳ ಆಟವೊಂದರ ವಿಷಯ ಬಂದಿತು. ಅದರ ಹೆಸರು ಶಿರಿತೋರಿ. 'ಶಿರಿ' ಎಂದರೆ ಹಿಂಭಾಗ, 'ತೋರಿ' ಎಂದರೆ ಹಿಡಿಯುವುದು. ಒಬ್ಬರು ಹೇಳಿದ ಮಾತಿನ ಬಾಲವನ್ನು ಹಿಡಿದು ಇನ್ನೊಬ್ಬರು ಹೊಸ ಮಾತು ಹೇಳಬೇಕು. 'ಸಕುರಾ' ಎಂದರೆ ವಸಂತದ ಹೂವು. ಅದರ ಕೊನೆಯ 'ರಾ' ಹಿಡಿದು 'ರಾಜಿಯೊ', ಅಂದರೆ ರೇಡಿಯೋ. ಅದರ 'ಒ' ಹಿಡಿದು 'ಒರಿಗಾಮಿ', ಕಾಗದ ಮಡಚುವ ಕಲೆ. ಅದರ 'ಮಿ' ಹಿಡಿದು 'ಮಿಕಾನ್', ಚಳಿಗಾಲದ ಕಿತ್ತಳೆ. 'ಮಿಕಾನ್' ಎಂದವರು ಅಲ್ಲಿಗೇ ಸೋತರು. ಏಕೆಂದರೆ ಜಪಾನೀ ಭಾಷೆಯಲ್ಲಿ 'ನ್' ಎಂಬ ಆ ಅಕ್ಷರದಿಂದ ಯಾವ ಮಾತೂ ಆರಂಭವಾಗುವುದಿಲ್ಲ.

ಅವರು ಕರೋಕೆಯ ವಿಷಯವನ್ನೂ ಹೇಳಿದರು. ಈಗ ನಮ್ಮ ಮದುವೆ ಮನೆಗಳಿಗೂ ಬಂದಿರುವ ಈ ಪದ ಜಪಾನೀ ಭಾಷೆಯದು. 'ಕರಾ' ಎಂದರೆ ಖಾಲಿ. 'ಓಕೆ' ಎಂಬುದು ಆರ್ಕೆಸ್ಟ್ರಾ ಎಂಬ ಮಾತಿನ ತುಂಡು. ಹಾಡುವವರಿಲ್ಲದ ಬರಿಯ ವಾದ್ಯಮೇಳ ಎಂದರ್ಥ. 1971ರಲ್ಲಿ ಕೋಬೆ ನಗರದ ಇನೌಯೆ ದೈಸುಕೆ ಎಂಬ ವಾದ್ಯಗಾರರು ಇಂಥ ಯಂತ್ರವೊಂದನ್ನು ಮಾಡಿ ಬಾಡಿಗೆಗೆ ಕೊಡತೊಡಗಿದರು; ಅದರ ಪೇಟೆಂಟ್ ಹಕ್ಕನ್ನು ಅವರು ಪಡೆಯಲಿಲ್ಲ. ಹಾಡಲು ಬಾರದವನಿಗೂ ಹಾಡುವ ಧೈರ್ಯ ಕೊಟ್ಟದ್ದೇ ಆ ಯಂತ್ರದ ಗುಣ. ವಾದ್ಯ ಮೊದಲೇ ನುಡಿಯುತ್ತಿರುತ್ತದೆ. ಮಾತು ಮಾತ್ರ ನಮ್ಮದು.

ಇನ್ನೊಂದು ವಿಷಯ ನಮ್ಮನ್ನು ಬಹುವಾಗಿ ಸೆಳೆಯಿತು. ಜಪಾನಿನ ಶಾಲಾ ಹಾಡುಗಳಲ್ಲಿ ಋತುಗಳಿಗೆ ದೊಡ್ಡ ಸ್ಥಾನವಿದೆ. ತಕಾನೊ ತಾತ್ಸುಯುಕಿ ಎಂಬವರು ಮಾತು ಬರೆದು, ಒಕಾನೊ ತೇಯಿಚಿ ಎಂಬವರು ರಾಗ ಕಟ್ಟಿದ, ವಸಂತ ಬಂದಿತೆಂಬ ಹಾಡು 1910ರಷ್ಟು ಹಳೆಯದು. ಶರತ್ಕಾಲದ ಕೆಂಪೆಲೆಗಳನ್ನು ಕುರಿತ 'ಮೊಮಿಜಿ' 1911ರದು. ಹುಟ್ಟೂರನ್ನು ನೆನೆಯುವ 'ಫುರುಸಾತೊ' 1914ರದು. ನೂರು ವರ್ಷಗಳ ಮೇಲೆಯೂ ಅಲ್ಲಿ ಅಜ್ಜ ಮೊಮ್ಮಕ್ಕಳು ಕೂಡಿ ಹಾಡಬಲ್ಲ ಹಾಡುಗಳಿವು. ಅಲ್ಲಿಯ ಹೈಕು ಕವಿತೆಯಲ್ಲಿ ಋತುವನ್ನು ಸೂಚಿಸುವ ಒಂದು ಮಾತಿರಬೇಕೆಂಬುದು ಸಂಪ್ರದಾಯ. ಅದಕ್ಕೆ 'ಕಿಗೊ' ಎನ್ನುತ್ತಾರೆ. ಇಂಥ ಮಾತುಗಳನ್ನು ಋತುವಾರು ಕೂಡಿಸಿದ ಕೋಶಗಳೇ ಇವೆ. ಹೊಸ ವರ್ಷದ ದಿನಗಳಲ್ಲಿ ಮನೆಮಂದಿಯೆಲ್ಲ ಕೂಡಿ ಆಡುವ ಚೀಟಿಯ ಆಟವೊಂದಿದೆ. ಹದಿಮೂರನೆಯ ಶತಮಾನದಲ್ಲಿ ಫುಜಿವಾರಾ ನೊ ತೇಯ್ಕಾ ಎಂಬ ಕವಿ ಆಯ್ದ ನೂರು ಕವಿಗಳ ನೂರು ಪದ್ಯಗಳು ಅದರ ಆಧಾರ. ಒಬ್ಬರು ಪದ್ಯ ಓದತೊಡಗಿದರೆ ಉಳಿದವರು ಅದರ ಉತ್ತರಾರ್ಧವಿರುವ ಚೀಟಿಯನ್ನು ಹುಡುಕಿ ಹಿಡಿಯಬೇಕು. ಆಟವಾಡುತ್ತಲೇ ಹಳೆಯ ಪದ್ಯಗಳು ಮಕ್ಕಳ ನಾಲಗೆಗೆ ಬರುತ್ತವೆ.

ಇದನ್ನೆಲ್ಲ ಕೇಳಿದಾಗ ನಮಗೆ ನಮ್ಮ ಮನೆಯೇ ನೆನಪಾಯಿತು. ನಮ್ಮ ಹಳೆಯ ಮಹಾಕಾವ್ಯಗಳಲ್ಲಿ ಅಷ್ಟಾದಶ ವರ್ಣನೆಗಳೆಂಬ ನಿಯಮವಿತ್ತು. ಋತುಗಳ ವರ್ಣನೆ ಅವುಗಳಲ್ಲೊಂದು. ಪಂಡಿತರ ಕಾವ್ಯ ಹಾಗಿರಲಿ, ನಮ್ಮ ಒಕ್ಕಲು ಮನೆಗಳಲ್ಲಿ ಋತುಗಳ ಕೋಶವೇ ಬಾಯಿಮಾತಿನಲ್ಲಿದೆ. ಮಳೆಗಳಿಗೆ ಒಂದೊಂದು ನಕ್ಷತ್ರದ ಹೆಸರು. ರೋಹಿಣಿ, ಮಿರಗ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ, ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ, ಸ್ವಾತಿ ಎಂದು ಅಕ್ಷರ ಬಾರದ ಒಕ್ಕಲಿಗನೂ ತಡವರಿಸದೆ ಹೇಳುತ್ತಾನೆ. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಎಂಬ ಗಾದೆಯನ್ನು ಇಲ್ಲಿ ಕುಳಿತ ಹಿರಿಯರೆಲ್ಲ ಬಲ್ಲರು. ಎತ್ತ ಬೀಳುವುದೋ ತಿಳಿಯದ ಚಿತ್ತಿಯ ಮಳೆಗೆ ಕುರುಡು ಚಿತ್ತಿ ಎಂಬ ಹೆಸರು. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ನಮ್ಮ ಸೊಲ್ಲಾಪುರ ಜಿಲ್ಲೆಗೆ ಮುಂಗಾರಿಗಿಂತ ಭಾದ್ರಪದ ಆಶ್ವಯುಜದ ಮಳೆಯೇ ಆಧಾರ. ಹಿಂಗಾರಿ ಬಿಳಿಜೋಳ ನಿಲ್ಲುವುದು ಅದರ ಮೇಲೆ. ಆದ್ದರಿಂದ ಮಳೆಯ ಹೆಸರು ನಮ್ಮಲ್ಲಿ ಬರಿಯ ಅಲಂಕಾರವಾಗಿರಲಿಲ್ಲ. ಬಿತ್ತುವ ಕೂರಿಗೆ ಹೊಲಕ್ಕೆ ಹೋಗುವುದೂ ಹೋಗದಿರುವುದೂ ಆ ಹೆಸರುಗಳನ್ನು ಅವಲಂಬಿಸಿತ್ತು.

ಈ ಸಂಪತ್ತನ್ನು ಆಟಕ್ಕೆ ತರಬೇಕೆಂದು ನಾವು ನಿಶ್ಚಯಿಸಿದೆವು. ಮೊದಲು ಶಿರಿತೋರಿಯಂತೆ ಬರಿಯ ಮಾತುಗಳಿಂದ ಆರಂಭಿಸಿದೆವು. ಋತುವಿಗೆ ಸಂಬಂಧಿಸಿದ ಮಾತೇ ಆಗಬೇಕೆಂದು ಹೇಳಿದೆವು. ಮುಂಗಾರು ಎಂದಳು ಒಬ್ಬಳು. 'ರು' ಹಿಡಿದು ರಾಶಿ ಎಂದ ಇನ್ನೊಬ್ಬ. 'ಶಿ' ಹಿಡಿದು ಶೀಗಿ. ಶೀಗಿ ಹುಣ್ಣಿಮೆಯ ಶೀಗಿ. 'ಗಿ' ಹಿಡಿದು ಗುಡುಗು. 'ಗು' ಹಿಡಿದು ಗಾಳಿ. ಅಲ್ಲಿಗೆ ಆಟ ನಿಂತಿತು. 'ಳಿ'ಯಿಂದ ಯಾವ ಮಾತು ತರುವುದು?

ಮತ್ತೆ ಆಡಿಸಿದೆವು, ಮತ್ತೆ ನಿಂತಿತು. ಆಗ ಮಕ್ಕಳು ಕರಿಹಲಗೆಯ ಮೇಲೆ ನಿಂತುಹೋದ ಮಾತುಗಳನ್ನು ಬರೆಯುತ್ತ ಹೋದರು. ಮಳೆ, ಬೆಳೆ, ಚಳಿ, ಗಾಳಿ, ಜೋಳ, ಎಳ್ಳು. ನಮ್ಮ ನೆಲದ ಋತುಗಳ ಮುಖ್ಯವಾದ ಮಾತುಗಳು ಬಹುತೇಕ 'ಳ'ದಲ್ಲಿಯೇ ಮುಗಿಯುತ್ತವೆ. ರೋಹಿಣಿ, ಶ್ರಾವಣ ಇವು 'ಣ'ದಲ್ಲಿ ನಿಲ್ಲುತ್ತವೆ. ಈ ಎರಡೂ ಅಕ್ಷರಗಳಿಂದ ಕನ್ನಡದಲ್ಲಿ ಮಾತು ಆರಂಭವಾಗುವುದಿಲ್ಲ. ಮರಾಠಿ ಬಲ್ಲ ಹುಡುಗನೊಬ್ಬ ಎದ್ದು ನಿಂತು, "ಬಾಯೋರ, ಮರಾಠ್ಯಾಗೂ ಹಂಗ ಐತ್ರಿ. ಪಾವಸಾಳಾ, ಹಿವಾಳಾ, ಉನ್ಹಾಳಾ. ಮೂರೂ 'ಳ'ರಿ" ಎಂದ. ನಾವು ಬೆರಗಾದೆವು. ಮಳೆಗಾಲ, ಚಳಿಗಾಲ, ಬೇಸಿಗೆ ಈ ಮೂರಕ್ಕೂ ಮರಾಠಿಯಲ್ಲಿರುವ ಹೆಸರುಗಳು ಕೊನೆಗೊಳ್ಳುವುದು ಅದೇ ಅಕ್ಷರದಲ್ಲಿ, ಅಲ್ಲಿಯೂ ಆ ಅಕ್ಷರದಿಂದ ಮಾತು ಹುಟ್ಟುವುದಿಲ್ಲ. ಇಷ್ಟು ವರ್ಷ ವ್ಯಾಕರಣ ಕಲಿಸಿದ ನಮಗೆ ಹೊಳೆಯದ ಸಂಗತಿಯನ್ನು ಮಕ್ಕಳು ಆಡುತ್ತ ಕಂಡುಹಿಡಿದರು.

ಸಾಮಾನ್ಯ ಅಂತ್ಯಾಕ್ಷರಿಯಲ್ಲಿ 'ಳ' ಬಂದರೆ 'ಲ' ಹಿಡಿದು, 'ಣ' ಬಂದರೆ 'ನ' ಹಿಡಿದು ಮುಂದುವರಿಯುವ ರೂಢಿಯಿದೆ. ಜಪಾನೀ ಮಕ್ಕಳಂತೆ ಸೋಲೆಂದು ಎಣಿಸುವುದೂ ಒಂದು ದಾರಿ. ನಾವು ಎರಡನ್ನೂ ಬಿಟ್ಟು ಒಂದು ಹೊಸ ನಿಯಮ ಮಾಡಿದೆವು. ಹಾಡು 'ಳ'ದಲ್ಲಾಗಲಿ 'ಣ'ದಲ್ಲಾಗಲಿ ನಿಂತರೆ ಮುಂದಿನ ಸರದಿಯವರು ಮನೆಯ ಹಾಡನ್ನು ಹಾಡಬೇಕು. ಅದು ಸಿನಿಮಾದ್ದಾಗಬಾರದು, ಪಠ್ಯಪುಸ್ತಕದ್ದೂ ಆಗಬಾರದು. ಅವ್ವನಿಂದಲೋ ಆಯಿಯಿಂದಲೋ ಮುತ್ಯಾನಿಂದಲೋ ಕೇಳಿದ್ದಾಗಬೇಕು. ಮನೆಯಲ್ಲಿ ಹಾಡಿದಂತೆಯೇ ಹಾಡಬೇಕು. 'ಮಳಿ' ಎಂದರೆ 'ಮಳಿ'ಯೇ. ಅಂದು ಆ ಹುಡುಗಿ ಕೇಳಿದ ಪ್ರಶ್ನೆಗೆ ನಾವು ತಡವಾಗಿ ಕೊಟ್ಟ ಉತ್ತರ ಈ ನಿಯಮ.

ಉಳಿದ ನಿಯಮಗಳು ಸರಳ. ಹಾಡಿನಲ್ಲಿ ನಡೆಯುತ್ತಿರುವ ಮಾಸದ ಅಥವಾ ಮಳೆಯ ಗುರುತಿನ ಒಂದು ಮಾತಾದರೂ ಇರಬೇಕು. ಮರಾಠಿ ಹಾಡನ್ನೂ ಹಾಡಬಹುದು. ಆದರೆ ಅದರಲ್ಲಿಯ ಋತುವಿನ ಮಾತಿಗೆ ಕನ್ನಡದಲ್ಲಿ ಏನೆನ್ನುತ್ತಾರೆಂದು ಹೇಳಬೇಕು. ಹುರಡಾ ಎಂದು ಹಾಡಿದವರು ಸೀತನಿ ಎನ್ನಬೇಕು. ಹಾಡು ಬಾರದವರು ಒಡಪು ಹಾಕಿ ಒಂದು ಅಂಕ ಗಳಿಸಬಹುದು.

ಇನ್ನು ಕರೋಕೆ. ಪ್ರಾರ್ಥನೆಗೆ ಬಳಸುವ ಮೈಕು ನಮ್ಮಲ್ಲಿತ್ತು. ಮೊಬೈಲ್ ಫೋನು ಎಲ್ಲರಲ್ಲಿಯೂ ಇದೆ. ಚಿತ್ರಗೀತೆಗಳಿಗೆ, ಹೆಸರಾದ ಭಾವಗೀತೆಗಳಿಗೆ ಬರಿಯ ವಾದ್ಯದ ಧ್ವನಿಮುದ್ರಣ ಸುಲಭವಾಗಿ ಸಿಗುತ್ತದೆ. ಬೇಂದ್ರೆಯವರ ಯುಗಾದಿಯ ಹಾಡು 1963ರ 'ಕುಲವಧು' ಚಿತ್ರದಿಂದ ಮನೆಮಾತಾದದ್ದು. ಅದಕ್ಕೆ ವಾದ್ಯ ಸಿಕ್ಕಿತು, ಮಕ್ಕಳು ಚೆನ್ನಾಗಿ ಹಾಡಿದರು. ಮನೆಯ ಹಾಡುಗಳಿಗೆ ವಾದ್ಯ ಎಲ್ಲಿಂದ ಬರಬೇಕು? ಸಹೋದ್ಯೋಗಿಯೊಬ್ಬರು ಹಾರ್ಮೋನಿಯಂ ನುಡಿಸಿ ಧ್ವನಿಮುದ್ರಿಸಿದರು. ಆರನೆಯ ವರ್ಗದ ಆ ಹುಡುಗಿಯ ಆಯಿಯನ್ನು ಶಾಲೆಗೆ ಕರೆಸಿದೆವು. ಎಪ್ಪತ್ತು ದಾಟಿದ ಹಿರಿಯರು. ಬಾಗಿಲವರೆಗೆ ಬಂದು, ಚಪ್ಪಲಿ ಬಿಟ್ಟು, ಹೊಸ್ತಿಲ ಹೊರಗೇ ಕುಳಿತರು. ಎಷ್ಟು ಕರೆದರೂ ಒಳಗೆ ಬರಲೊಲ್ಲರು. ಹಾರ್ಮೋನಿಯಂ ನುಡಿಸಿದರೆ ಅವರ ಬಾಯಿಂದ ಪದ ಹೊರಡಲಿಲ್ಲ. "ಪೆಟಿಗಿ ಸುರ ನನಗ ತಿಳೀದವ್ವ. ಕಲ್ಲು ತಿರುಗಿದರ ಪದ ಬರತಾವ" ಎಂದರು.

ಊರಲ್ಲಿ ಹುಡುಕಿ ಒಂದು ಬೀಸುವ ಕಲ್ಲನ್ನು ತರಿಸಿದೆವು. ಯಾರದೋ ಮನೆಯ ಹಿತ್ತಲಲ್ಲಿ ತುಳಸಿಕಟ್ಟೆಯ ಪಕ್ಕ ಮಗುಚಿ ಬಿದ್ದಿತ್ತು. ತೊಳೆದು, ಗೂಟ ಬಡಿದು, ಒಂದು ಹಿಡಿ ಜೋಳ ಹಾಕಿ ತಿರುಗಿಸಿದೆವು. ಆ ಹಿರಿಯರು ಹೊಸ್ತಿಲು ದಾಟಿ ಒಳಗೆ ಬಂದು ಕಲ್ಲಿನ ಮುಂದೆ ಕುಳಿತರು. ಪದಗಳು ತಾವಾಗಿ ಬಂದವು. ಮಕ್ಕಳು ಆ ಕಲ್ಲಿನ ಸಪ್ಪಳವನ್ನಷ್ಟೇ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡರು. ನಮ್ಮ ಶಾಲೆಯ ಕರೋಕೆ ಅದೇ. ಇಂದಿಗೂ ಬೀಸುವ ಪದಗಳಿಗೆ ಆ ಸಪ್ಪಳವನ್ನೇ ಹಚ್ಚುತ್ತೇವೆ.

ಅಂದು ಹಾಡು ಮುಗಿದ ಮೇಲೆ ನಾವು ಅವರನ್ನು ಹೆಸರು ಕೇಳಿದೆವು. ಅವರು ಮೆಲ್ಲಗೆ, ತಾವೂ ಇದೇ ಶಾಲೆಯಲ್ಲಿ ಎರಡನೆಯ ಇಯತ್ತೆಯವರೆಗೆ ಕಲಿತವರೆಂದೂ, ದನ ಕಾಯಲು ಹಚ್ಚಿದ್ದರಿಂದ ಬಿಡಬೇಕಾಯಿತೆಂದೂ ಹೇಳಿದರು. ಶಾಲೆ ಬಿಟ್ಟವಳು ಒಳಗೆ ಹೇಗೆ ಬರುವುದೆಂದು ಹೊಸ್ತಿಲಲ್ಲಿ ಕುಳಿತಿದ್ದರಂತೆ. ಶತಮಾನೋತ್ಸವಕ್ಕಾಗಿ ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ಸಿದ್ಧಪಡಿಸುವಾಗ ನಾವು ಅಧಿಕಾರಿಗಳನ್ನು, ವೈದ್ಯರನ್ನು, ಶಿಕ್ಷಕರನ್ನು ಹುಡುಕಿದ್ದೆವು. ಎರಡನೆಯ ಇಯತ್ತೆಗೆ ಬಿಟ್ಟು ಹೋದವರ ನೆನಪು ನಮಗಾಗಿರಲಿಲ್ಲ. ಈಗ ಅವರ ಹೆಸರನ್ನು ಪಟ್ಟಿಯಲ್ಲಿ ಸೇರಿಸಿದ್ದೇವೆ.

ಅಲ್ಲಿಂದ ಮುಂದೆ ವರ್ಷದ ಪಂಚಾಂಗವೇ ನಮ್ಮ ಆಟದ ಪಠ್ಯಕ್ರಮವಾಯಿತು. ಜಪಾನಿನಲ್ಲಿ ಶಾಲೆಯ ವರ್ಷ ಏಪ್ರಿಲ್ ತಿಂಗಳಲ್ಲಿ ಸಕುರಾ ಹೂವಿನೊಡನೆ ಆರಂಭವಾಗುತ್ತದೆ; ನಮ್ಮದು ಮಿರಗದ ಮಳೆಯೊಡನೆ. ಕಾರ ಹುಣ್ಣಿಮೆಗೆ ಎತ್ತುಗಳ ಹಾಡು. ಮಳೆ ತಡವಾದರೆ ಗುರ್ಜಿಯ ಹಾಡು. ರೊಟ್ಟಿಯ ಹಂಚಿನ ಮೇಲೆ ಗುರ್ಜಿಯನ್ನಿಟ್ಟು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗಿ ನೀರು ಹಾಕಿಸಿಕೊಳ್ಳುವ ಆಟ ಅದು. ಮರಾಠಿ ಓಣಿಯಲ್ಲಿ ಬೇವಿನ ಸೊಪ್ಪು ಸುತ್ತಿಕೊಂಡ ಹುಡುಗ ಧೋಂಡಿಯಾಗಿ ಬರುತ್ತಾನೆ. 1972ರ ಬರಗಾಲವನ್ನು ಕಂಡವರು ಇಲ್ಲಿ ಇದ್ದೀರಿ. ಆ ಹಾಡುಗಳನ್ನು ಯಾವ ಆರ್ತತೆಯಿಂದ ಹಾಡುತ್ತಿದ್ದರೆಂದು ನಿಮಗೆ ಗೊತ್ತು. ಆಷಾಢದ ಮಂಗಳವಾರಗಳಿಗೆ ಗುಳ್ಳವ್ವನ ಹಾಡು. ಶ್ರಾವಣಕ್ಕೆ ಪಂಚಮಿಯ ಜೋಕಾಲಿ ಪದ, ಜೊತೆಗೆ ಬೇಂದ್ರೆಯವರ ಶ್ರಾವಣದ ಕವಿತೆಗಳು. ನವರಾತ್ರಿಯಲ್ಲಿ ಹಸ್ತದ ಮಳೆಯ ಹೊತ್ತಿಗೆ ಮರಾಠಿ ಮನೆಗಳ ಹೆಣ್ಣುಮಕ್ಕಳು ಆನೆಯ ಚಿತ್ರವಿಟ್ಟು ಸುತ್ತಲೂ ಕುಣಿಯುತ್ತ ಹಾದಗಾ ಹಾಡುತ್ತಾರೆ. ಹಾಡು ಮುಗಿದ ಮೇಲೆ ಡಬ್ಬಿಯಲ್ಲಿರುವ ತಿನಿಸು ಯಾವುದೆಂದು ಊಹಿಸಿ ಹೇಳಬೇಕು. ಅದೂ ಒಂದು ಮಾತಿನ ಆಟವೇ. ಮುಂದೆ ಶೀಗಿ ಹುಣ್ಣಿಮೆ, ಗೌರಿ ಹುಣ್ಣಿಮೆಯ ಸಕ್ಕರೆ ಆರತಿಯ ಹಾಡು. ಎಳ್ಳಮಾವಾಸ್ಯೆ, ಇದೇ ಹಬ್ಬ ಲಾತೂರು, ಧಾರಾಶಿವ ಕಡೆಯ ಮರಾಠಿಯಲ್ಲಿ ಯೇಳವಸ್ ಎನ್ನಿಸಿಕೊಂಡಿದೆ. ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರನ ಜಾತ್ರೆ, ನಂದಿಧ್ವಜದ ಹಾಡು. ಮಾಘದಲ್ಲಿ ಸೀತನಿ. ಹೀಗೆ ಯುಗಾದಿಯವರೆಗೆ.

ಪಂಜೆ ಮಂಗೇಶರಾಯರ 'ತೆಂಕಣ ಗಾಳಿಯಾಟ'ವನ್ನೂ ಮಕ್ಕಳಿಗೆ ಕಲಿಸಿದೆವು. ಅದು ಕಡಲ ತೀರದ ಗಾಳಿ. ಸಮುದ್ರ ಕಾಣದ ನಮ್ಮ ಮಕ್ಕಳು ಆ ಗಾಳಿಯ ಆರ್ಭಟವನ್ನು ಸಂತೋಷದಿಂದ ಹಾಡಿದರು. ಬಳಿಕ ಒಬ್ಬ ಹುಡುಗ, ಅಷ್ಟು ಮೋಡ ತರುವ ಗಾಳಿ ನಮ್ಮೂರಿಗೆ ಬರುವಾಗ ಬರಿಗೈಯಲ್ಲಿ ಏಕೆ ಬರುತ್ತದೆಂದು ಕೇಳಿದ. ಭೂಗೋಲದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಆರಂಭ ನಮಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಮರಾಠಿ ಹಾಡುಗಳನ್ನು ಆಟದಲ್ಲಿ ಸೇರಿಸಿಕೊಂಡದ್ದಕ್ಕೆ ಕೆಲವು ಹಿರಿಯರು ಆಕ್ಷೇಪಿಸಿದರು. ಅವರ ಕಳಕಳಿಯನ್ನು ನಾವು ಗೌರವಿಸುತ್ತೇವೆ. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ಈ ಸೀಮೆಯ ಕನ್ನಡಿಗರು ಪಟ್ಟ ನೋವು ಸಣ್ಣದಲ್ಲ. ಆದರೂ ಒಂದು ಮಾತನ್ನು ನೆನಪಿಸಬಯಸುತ್ತೇವೆ. ಬೇಂದ್ರೆಯವರ ಮನೆಮಾತು ಮರಾಠಿ. 1944ರಿಂದ 1956ರವರೆಗೆ ಅವರು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಸೊಲ್ಲಾಪುರದಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರು ಕಲಿತದ್ದು ಮರಾಠಿಯಲ್ಲಿ. ಸಿದ್ಧರಾಮನ ಪುರಾಣವನ್ನು ಬರೆದದ್ದು ಕನ್ನಡದ ತ್ರಿಪದಿಯಲ್ಲಿ, ಅಂದರೆ ಬೀಸುವ ಕಲ್ಲಿನ ಛಂದಸ್ಸಿನಲ್ಲಿ. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ಅವರೇ. ನೆರೆಯ ಭಾಷೆಯನ್ನು ಬಲ್ಲವರಿಂದ ಕನ್ನಡಕ್ಕೆ ಹಾನಿಯಾಗಲಿಲ್ಲ. ಮನೆಯ ಭಾಷೆಯನ್ನು ಮರೆತವರಿಂದ ಆಗುತ್ತದೆ.

ಭೀಮೆಯ ಆಚೆ ದಂಡೆಯ ಸೀಮೆಯಲ್ಲಿ ಹಲಸಂಗಿ ಎಂಬ ಊರಿದೆ. ಅಲ್ಲಿಯ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು ಹೆಣ್ಣುಮಕ್ಕಳ ಬಾಯಿಂದ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಪ್ರಕಟವಾಯಿತು. ನಮ್ಮ ಶಾಲೆ ಆಗ ಎಳೆಯದು. ಅಂಥ ಹಾಡುಗಳು ಈಚೆ ದಂಡೆಯ ನಮ್ಮ ಮನೆಗಳಲ್ಲಿಯೂ ಇದ್ದವು. ಹಿಟ್ಟಿನ ಗಿರಣಿ ಬಂದು ಕಲ್ಲು ಹಿತ್ತಲು ಸೇರಿದಾಗ ಹಾಡುವ ಸಮಯವೇ ಹೋಯಿತು. ಇದಕ್ಕೆ ಯಾರನ್ನೂ ದೂರಬೇಕಾಗಿಲ್ಲ. ನಸುಕಿನಲ್ಲೆದ್ದು ಬೀಸುವ ಕಷ್ಟ ತಪ್ಪಿದ್ದು ನಮ್ಮ ತಾಯಂದಿರ ಭಾಗ್ಯವೇ. ಕಷ್ಟ ಹೋಗಲಿ, ಹಾಡು ಉಳಿಯಲಿ ಎಂಬುದಷ್ಟೇ ನಮ್ಮ ಅಪೇಕ್ಷೆ. ಮಕ್ಕಳು ಇದುವರೆಗೆ ಎರಡು ದಪ್ಪ ವಹಿಗಳಲ್ಲಿ ಹಾಡುಗಳನ್ನು ಬರೆದಿಟ್ಟಿದ್ದಾರೆ.

ಪಾಲಕರೊಡನೆ ಒಂದೆರಡು ನೇರವಾದ ಮಾತು. ಕನ್ನಡ ಮಾಧ್ಯಮದಲ್ಲಿ ಮಗುವನ್ನು ಹಾಕಿದರೆ ಮುಂದೇನು ಎಂದು ನೀವು ನಮ್ಮನ್ನು ಕೇಳುತ್ತೀರಿ. ಕೇಳುವ ಹಕ್ಕು ನಿಮಗಿದೆ. ಇಂಗ್ಲಿಷ್ ಬೇಕು, ಮರಾಠಿ ಬೇಕು, ಇವೆರಡನ್ನೂ ನಾವು ಶ್ರದ್ಧೆಯಿಂದ ಕಲಿಸುತ್ತೇವೆ. ಬೇರೆ ಶಾಲೆಗೆ ಕಳಿಸಿದವರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ನಮ್ಮ ಅನುಭವ ಇಷ್ಟು: ಮನೆಯ ಹಾಡನ್ನು ಧೈರ್ಯದಿಂದ ಹಾಡಿದ ಮಗು ಮರುದಿನ ಇಂಗ್ಲಿಷ್ ಪದ್ಯವನ್ನೂ ಧೈರ್ಯದಿಂದ ಹೇಳುತ್ತದೆ. ಬಾಯಿ ತೆರೆಯಲು ಅಂಜುವ ಮಗು ಯಾವ ಭಾಷೆಯಲ್ಲಿಯೂ ಅಂಜುತ್ತದೆ. ಅಂದು ಅರ್ಧ ಸಾಲಿಗೆ ನಿಲ್ಲಿಸಿದ ಹುಡುಗಿ ಈಗ ಮೇಲಿನ ವರ್ಗದಲ್ಲಿದ್ದಾಳೆ. ಆಟದ ದಿನ ಮೈಕು ಹಿಡಿದು ನಿಯಮಗಳನ್ನು ಮೂರು ಭಾಷೆಗಳಲ್ಲಿ ಹೇಳುವವಳು ಅವಳೇ.

ಕೊನೆಯದಾಗಿ ಒಂದು ಬೇಡಿಕೆ. ಅವಳ ಆಯಿ ಅಂದು ಹಾಡಿದ ಪದಗಳಲ್ಲಿ ಪಂಚಮಿಯ ತ್ರಿಪದಿಯೊಂದಿತ್ತು. ತವರಿನಿಂದ ಅಣ್ಣ ಕರೆಯಲು ಬರುವನೆಂದು ತಂಗಿ ದಾರಿ ನೋಡುತ್ತಾಳೆ, ಬೋರಿ ಹೊಳೆ ತುಂಬಿ ಹರಿಯುತ್ತಿದೆ. ಎರಡು ಸಾಲು ಬಂದವು. ಮೂರನೆಯ ಸಾಲು ಅವರಿಗೆ ನೆನಪಾಗಲಿಲ್ಲ. ಕಲ್ಲನ್ನು ಮತ್ತೆ ಮತ್ತೆ ತಿರುಗಿಸಿದರು, ಬರಲಿಲ್ಲ. "ನಮ್ಮವ್ವಗ ಗೊತ್ತಿತ್ತು" ಎಂದು ಸುಮ್ಮನಾದರು. ಅಣ್ಣ ಬಂದನೋ, ಹೊಳೆ ದಾಟಲಾಗದೆ ಹಿಂದಿರುಗಿದನೋ, ನಮಗೆ ತಿಳಿಯದು. ಮಕ್ಕಳು ವಹಿಯಲ್ಲಿ ಎರಡು ಸಾಲು ಬರೆದು ಮೂರನೆಯದರ ಜಾಗವನ್ನು ಖಾಲಿ ಬಿಟ್ಟಿದ್ದಾರೆ. ತಾವೇ ಒಂದು ಸಾಲು ಕಟ್ಟಿ ಸೇರಿಸೋಣವೆಂದು ಒಬ್ಬರು ಸೂಚಿಸಿದಾಗ ಮ‌ಕ್ಕಳೇ ಬೇಡವೆಂದರು.

ಆ ವಹಿಗಳನ್ನು ಇಂದು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ, ಪಕ್ಕದಲ್ಲಿ ಪೆನ್ನೂ ಇದೆ. ಪುಣೆ, ಮುಂಬಯಿ, ಬೆಂಗಳೂರುಗಳಿಂದ ಬಂದ ಹಳೆಯ ವಿದ್ಯಾರ್ಥಿಗಳು ಹೋಗುವ ಮುನ್ನ ತಮ್ಮ ಮನೆಯ ಒಂದು ಹಾಡನ್ನು ಬರೆದು ಹೋಗಬೇಕು. ಬರೆಯಲು ಬಾರದ ತಾಯಂದಿರಿದ್ದರೆ ಹಾಡಿರಿ, ಮಕ್ಕಳು ಬರೆದುಕೊಳ್ಳುತ್ತಾರೆ. ಆ ಪಂಚಮಿಯ ಪದದ ಮೂರನೆಯ ಸಾಲು ಯಾರ ಮನೆಯಲ್ಲಾದರೂ ಉಳಿದಿದ್ದರೆ ದಯಮಾಡಿ ತಿಳಿಸಿರಿ. ನೀವು ನುಡಿದಂತೆಯೇ ಅದನ್ನು ಬರೆದುಕೊಳ್ಳುತ್ತೇವೆ. ಅದರ ಮೇಲೆ ಕೆಂಪು ಶಾಯಿ ಬೀಳುವುದಿಲ್ಲ.